ಹೊರಗೆ ಹೋಗಿ ಮತ್ತೆ ಬರ್ರಿ

ನಮ್ಮ ಡಾಕ್ಟರ ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ಹುಟ್ಟುವಾಗಲೇ ಹಾಗಿತ್ತೋ, ಸೂಲಗಿತ್ತಿಯ ಮಾತು ನಂಬದೆ ಆಗಲೇ ಏರಿಸಿಕೊಂಡರೋ, ನಾನು ಕೇಳಲಿಲ್ಲ. ಆ ಹುಬ್ಬಿನ ಮುಂದೆ ಕೂತ ರೋಗಿಗೆ ತನ್ನ ಜ್ವರದ ಬಗ್ಗೆ ತನಗೇ ಅನುಮಾನ ಬರುತ್ತಿತ್ತು. "ಸುಡೋ ಜ್ವರ ಸಾರ್" ಎಂದು ಗಟ್ಟಿಯಾಗಿ ಶುರು ಮಾಡಿದವನು, ಹುಬ್ಬನ್ನು ಕಂಡು "ಮೈ ಬೆಚ್ಚಗೈತೆ" ಎಂಬಲ್ಲಿಗೆ ಇಳಿದು, ಕೊನೆಗೆ "ನಮ್ಮನೆಯಾಕಿ ಹಂಗಂತಾಳೆ" ಎಂದು ಹೊಣೆಯನ್ನು ಹೆಂಡತಿಯ ಮೇಲೆ ಹಾಕಿ ಕೈಕಟ್ಟಿ ನಿಲ್ಲುತ್ತಿದ್ದ.

ಎಪ್ಪತ್ತರ ದಶಕ ಶುರುವಾದ ಕಾಲಕ್ಕೆ ನಾನು ಹೊಳಲ್ಕೆರೆಯಿಂದ ಹಿರಿಯೂರಿನ ಹೈಸ್ಕೂಲಿಗೆ ಚರಿತ್ರೆಯ ಮೇಷ್ಟ್ರಾಗಿ ಬಂದೆ. ಜೊತೆಗೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ಅವ್ವ. ಬಾಡಿಗೆಗೆ ಸಿಕ್ಕ ಮನೆ ಡಾಕ್ಟರ ಶಾಪಿನ ಎದುರಿಗಿತ್ತು. ಅವ್ವ ಆ ಮನೆಯ ಬಾವಿಯನ್ನು ಬಗ್ಗಿ ನೋಡಲಿಲ್ಲ, ಅಡಿಗೆಮನೆಯ ಒಲೆ ನೋಡಲಿಲ್ಲ. ಎದುರಿನ ಬೋರ್ಡನ್ನು ನನ್ನಿಂದ ಓದಿಸಿ, "ಇದೇ ಇರ್ಲಿ" ಅಂದಳು. ಆಕೆಯ ಕಾಯಿಲೆಗಳು ಬಹಳ ಶಿಸ್ತಿನವು. ಮಂಡಿನೋವು ಇಳಿಯಿತು ಅನ್ನುವಷ್ಟರಲ್ಲಿ ಎದೆಉರಿ ಏಳುತ್ತಿತ್ತು. ಎದೆಉರಿಗೆ ಬೇಸರವಾದರೆ ತಲೆಸುತ್ತು ಬಂದು ಅಧಿಕಾರ ವಹಿಸಿಕೊಳ್ಳುತ್ತಿತ್ತು. ಎರಡು ಕಾಯಿಲೆಗಳು ಒಂದೇ ದಿನ ಬಂದು ಜಗಳವಾಡಿದ್ದನ್ನು ನಾನು ಕಾಣೆ. ಎಲ್ಲಕ್ಕೂ ಮೂಲ ವಾಯು ಎಂದು ಹೊಳಲ್ಕೆರೆಯಲ್ಲಿ ತೀರ್ಮಾನವಾಗಿತ್ತು. ಹಿರಿಯೂರು ಅದನ್ನು ಎತ್ತಿಹಿಡಿಯುವುದೆಂದು ನಾನು ನಂಬಿದ್ದೆ.

ಡಾಕ್ಟರ ಶಾಪು ಅಂದರೆ ಒಂದೇ ಕೋಣೆ. ಅದಕ್ಕೆ ಎರಡು ಬಾಗಿಲು. ಒಂದು ರಸ್ತೆಗೆ, ಇನ್ನೊಂದು ಪಕ್ಕದ ಓಣಿಗೆ. ಓಣಿಯಲ್ಲೊಂದು ಬೇವಿನ ಮರ, ಅದರ ಬುಡದಲ್ಲಿ ಒಂದು ಕಲ್ಲು. ರೋಗಿ ರಸ್ತೆಯ ಬಾಗಿಲಿನಿಂದ ಒಳಗೆ ಬಂದು ತನ್ನ ಸಂಕಟ ಹೇಳಿಕೊಳ್ಳುತ್ತಿದ್ದ. ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, ಎದೆಗೆ ಕೊಳವೆ ಇಟ್ಟು, ತಲೆಯಾಡಿಸುತ್ತಿದ್ದರು. ಆಮೇಲೆ ಬೇರೆ ಊರಿನ ಡಾಕ್ಟರಾದರೆ ಔಷಧಿ ಕೊಡುತ್ತಾರೆ. ಇವರು ಮಾತ್ರ, "ಸರಿ, ಹೊರಗೆ ಹೋಗಿ ಮತ್ತೆ ಬರ್ರಿ. ಆ ಬಾಗ್ಲಾಗೆ" ಎಂದು ಓಣಿಯ ಕಡೆ ಕೈ ತೋರಿಸುತ್ತಿದ್ದರು. ರೋಗಿ ರಸ್ತೆಗಿಳಿದು, ಬೇವಿನ ಮರ ಸುತ್ತಿ, ಇನ್ನೊಂದು ಬಾಗಿಲಿನಿಂದ ಬರಬೇಕು. ಬಂದರೆ ಡಾಕ್ಟರು ಅವನನ್ನು ಜನ್ಮದಲ್ಲಿ ಕಂಡಿಲ್ಲದವರಂತೆ ಹುಬ್ಬೇರಿಸಿ, "ಏನಾಗೈತೆ?" ಎಂದು ಮೊದಲಿನಿಂದ ವಿಚಾರಣೆ ಶುರು ಮಾಡುತ್ತಿದ್ದರು. ನಡೆಯಲಾಗದವರನ್ನು ಸುತ್ತಿಸುವಷ್ಟು ಕಟುಕರಲ್ಲ. ಅಂಥವರು ಬಂದರೆ ತಾವೇ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಕಣ್ಣು ಮುಚ್ಚಿ ಕೂತು, ಸ್ವಲ್ಪ ಹೊತ್ತಾದ ಮೇಲೆ ತಿರುಗಿ, ಹೊಸದಾಗಿ ನೋಡುತ್ತಿದ್ದರು.

ಇಂಥ ಮನುಷ್ಯನನ್ನು ಅನುಮಾನಿಸದೆ ಇರಲು ಊರಿಗೇನು ಹುಚ್ಚೇ? ರೋಗಿ ಮರ ಸುತ್ತುವಷ್ಟರಲ್ಲಿ ಇವರು ಒಳಗೆ ಪುಸ್ತಕ ತೆಗೆದು ನೋಡಿಕೊಳ್ಳುತ್ತಾರೆ ಎಂದು ಒಂದು ಪಕ್ಷ. ಕಣ್ಣು ಸರಿಯಿಲ್ಲ, ಓಣಿಯ ಕಡೆಯ ಬೆಳಕೇ ಬೇಕು ಎಂದು ಇನ್ನೊಂದು ಪಕ್ಷ. ಶಾಪಿಗೆ ಅಂಟಿಕೊಂಡಂತೆ ಸೋಡಾ ಅಂಗಡಿ ಇಟ್ಟಿದ್ದ ಸಾಹೇಬರದು ವ್ಯಾಪಾರಿ ಬುದ್ಧಿ: ಹತ್ತು ಜನ ಇಪ್ಪತ್ತು ಜನರಂತೆ ಕಂಡರೆ ಶಾಪಿಗೆ ಕಳೆ ಎಂದು ಅವರು ನನಗೆ ಗುಟ್ಟಾಗಿ ಹೇಳಿದರು. ನಾನು ಚರಿತ್ರೆಯವನಾದ್ದರಿಂದ ನನ್ನ ಅನುಮಾನ ಇನ್ನೂ ಘನವಾದದ್ದು. ದುರ್ಗದ ಕೋಟೆಯಲ್ಲಿ ಒಂದು ಬಾಗಿಲು ದಾಟಿದವನು ತಿರುಗಿ, ಇನ್ನೊಂದು ಬಾಗಿಲಿಗೆ ಮೈಯೊಡ್ಡಬೇಕು; ಹಾಗೆ ಕಟ್ಟಿದ್ದು ವೈರಿಗಾಗಿ. ಕೆಮ್ಮು ನೆಗಡಿಯವರ ಮೇಲೆ ಈತನಿಗೇನು ವೈರ ಎಂದು ನಾನು ಸಂಜೆ ಜಗಲಿಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುವ ನೆಪದಲ್ಲಿ ಕಾವಲು ಕಾಯತೊಡಗಿದೆ.

ಅತ್ತ ಡಾಕ್ಟರೂ ನನ್ನನ್ನು ಕಾಯುತ್ತಿದ್ದರೆಂದು ತಿಳಿದದ್ದು ಒಂದು ಸಂಜೆ ರಸ್ತೆ ದಾಟಿ ಬಂದು ಎದುರು ನಿಂತಾಗ.

"ಮೇಷ್ಟ್ರೇ, ದಿನಾ ಇದೇ ಹೊತ್ತಿಗೆ, ಇದೇ ಕಂಬಕ್ಕೆ ಒರಗಿ ಕುಂತ್ಕಂತೀರಲ್ಲ, ಯಾರು ಹೇಳವ್ರೆ?"

ಯಾರೂ ಹೇಳಿಲ್ಲ ಅಂದೆ.

"ಅದೇ ನಾನೂ ಕೇಳಿದ್ದು. ಯಾರೂ ಹೇಳದೆ ಹೆಂಗೆ ಕುಂತ್ಕಂತೀರಿ?"

ನಾನು ವರಮಾನ ತೆರಿಗೆಯವರ ಕಡೆಯವನು, ರೋಗಿಗಳ ಲೆಕ್ಕ ಹಿಡಿಯುತ್ತಿದ್ದೇನೆ ಎಂಬುದು ಅವರ ಗುಮಾನಿಯಾಗಿತ್ತಂತೆ. ಹೀಗೆ ಇಬ್ಬರೂ ಪರಸ್ಪರ ಅನುಮಾನಿಸಿಕೊಂಡು ಸ್ನೇಹಿತರಾದೆವು. ಅಂದಿನಿಂದ ಶಾಪು ಮುಚ್ಚಿದ ಮೇಲೆ ವೇದಾವತಿಯ ಸೇತುವೆಯವರೆಗೆ ತಿರುಗಾಡಲು ಹೋಗುವುದು ವಾಡಿಕೆಯಾಯಿತು. ವಾಡಿಕೆಯಾಯಿತು ಎಂದು ಗೊತ್ತಾದ ಕೂಡಲೇ ಅವರು ದಾರಿ ಬದಲಿಸುತ್ತಿದ್ದರು. ಒಂದು ದಿನ ತೆಂಗಿನಕಾಯಿ ಮಂಡಿಗಳ ಹಿಂದೆ, ಇನ್ನೊಂದು ದಿನ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ. ಕಾಲು ತಾನೇ ದಾರಿ ಹಿಡಿದು ಹೊರಟರೆ ತಲೆ ಮಲಗಿಬಿಡುತ್ತದೆ ಎಂಬುದು ಅವರ ದೂರು.

ಅವರಿಗೆ ಜಗತ್ತಿನ ಮೇಲೆಲ್ಲ ಅನುಮಾನವಿತ್ತು. ಹಾಲಿನವನ ಮೇಲೆ, ತಕ್ಕಡಿಯ ಮೇಲೆ, ಪತ್ರಿಕೆಯ ದಪ್ಪಕ್ಷರದ ಮೇಲೆ. ಆದರೆ ಅವೆಲ್ಲ ಚಿಲ್ಲರೆ. ಬಲವಾದ ಅನುಮಾನ ಇದ್ದದ್ದು ಒಬ್ಬನ ಮೇಲೆ, ಅವನು ಅವರದೇ ತಲೆಯೊಳಗೆ ವಾಸವಾಗಿದ್ದ. "ತಲೆ ಇರೋದು ನೋಡಾಕಲ್ಲ ಮೇಷ್ಟ್ರೇ. ಮುಂದೇನು ಬರ್ತದೆ ಅಂತ ಊಹೆ ಮಾಡಾಕೆ. ಹಿಂದೆ ಕಂಡಿದ್ದನ್ನೆಲ್ಲ ಜೋಡಿಸ್ಕಂಡು, ಇದೂ ಅದೇ ಅಂತ ಮೊದ್ಲೇ ಬರ್ದಿಟ್ಟಿರ್ತದೆ. ಊಹೆ ಸರಿಹೋದ್ರೆ ಕಣ್ಣು ಬಿಡೋದೇ ಇಲ್ಲ. ತಪ್ಪಿದಾಗ ಮಾತ್ರ ಬೆಚ್ಚಿ ಎದ್ದು ನೋಡ್ತದೆ." ಹಾಗಾದರೆ ಊಹೆಯನ್ನು ಬಿಟ್ಟೇ ಬಿಡಬಹುದಲ್ಲ ಅಂದೆ. ಅವರು ನಕ್ಕರು. ಬೆಳಗ್ಗೆ ಎದ್ದು ಬಾಗಿಲು ಎಲ್ಲಿದೆ, ಹಲ್ಲುಜ್ಜುವುದು ಯಾವ ಕೈಯಲ್ಲಿ ಎಂದು ದಿನವೂ ಹೊಸದಾಗಿ ಕಲಿಯುತ್ತ ಕೂತರೆ ಶಾಪು ತೆಗೆಯುವುದು ಯಾವಾಗ? ತಲೆಯೊಳಗಿನ ಆ ಆಳನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ, ಒಬ್ಬನನ್ನೇ ಬಿಟ್ಟು ಮನೆಗೆ ಹೋಗುವ ಹಾಗೂ ಇಲ್ಲ ಎಂದರು.

ಈ ಸಿದ್ಧಾಂತಕ್ಕೆ ಅವರ ಬಳಿ ಪುರಾವೆಗಳಿದ್ದವು. ಶಾಪಿನ ಗೋಡೆಯ ಗಡಿಯಾರ ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ಬೇಕೆಂದೇ ರಿಪೇರಿ ಮಾಡಿಸಿರಲಿಲ್ಲ. ಕಾದು ಕೂತವರು ತಲೆಯೆತ್ತಿ ಅದನ್ನು ನೋಡುವುದು, "ಹೊತ್ತಾತು, ಬಸ್ ಹೋಗ್ತದೆ" ಎಂದು ಏಳುವುದು. ಬೆಳಗ್ಗೆ ಬಂದವನಿಗೂ ಹೊತ್ತಾಗುತ್ತಿತ್ತು, ಮಧ್ಯಾಹ್ನ ಬಂದವನಿಗೂ ಹೊತ್ತಾಗುತ್ತಿತ್ತು. ಡಾಕ್ಟರು ನನ್ನ ಮೊಣಕೈ ತಿವಿದು, "ನೋಡಿದ್ರಾ, ಅವನು ಗಡಿಯಾರ ನೋಡ್ಲಿಲ್ಲ" ಎಂದು ಸಂತೋಷಪಡುತ್ತಿದ್ದರು. ಊಟಕ್ಕೆ ಕೂತಾಗ ತಟ್ಟೆಯಲ್ಲಿ ಏನಿದೆ ಎಂದು ಹೆಂಡತಿ ಮೊದಲೇ ಹೇಳಬಾರದು. ಹೇಳಿದರೆ ನಾಲಿಗೆ ಸಾರನ್ನು ಬಿಟ್ಟು ಹೆಸರನ್ನು ಸವಿಯುತ್ತದಂತೆ. "ಯುಗಾದಿ ದಿವಸಾನೂ ಒಬ್ಬಟ್ಟು ಅನ್ನಂಗಿಲ್ಲ ಮೇಷ್ಟ್ರೇ ಈ ಮನೇಲಿ. ಮೂಗು ಹಿಡ್ಕಂಡು ಕುಂತಿರ್ತಾರೆ" ಎಂದು ಆ ತಾಯಿ ನನ್ನೆದುರು ಹಣೆ ಚಚ್ಚಿಕೊಂಡಿದ್ದರು.

ಎರಡು ಬಾಗಿಲಿನ ಮೂಲ ಮಾತ್ರ ಬಹಳ ದಿನ ಹೊರಬೀಳಲಿಲ್ಲ. ಒಂದು ಸಂಜೆ ಸೇತುವೆಯ ಮೇಲೆ, ಕೆಳಗೆ ಹರಿಯುತ್ತಿದ್ದ ಅಷ್ಟಿಷ್ಟು ನೀರನ್ನು ನೋಡುತ್ತ ತಾವಾಗಿಯೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಮಾರಿಕಣಿವೆಯಲ್ಲಿದ್ದರಂತೆ. ಅಣೆಕಟ್ಟಿನ ಸುತ್ತ ಆಗ ಚಳಿಜ್ವರದ ಕಾಲ. ಬೆಳಗಾದರೆ ನಡುಗುವವರ ಸಾಲು; ಎಲ್ಲರಿಗೂ ಒಂದೇ ಜ್ವರ, ಎಲ್ಲರಿಗೂ ಒಂದೇ ಗುಳಿಗೆ. ಆ ಸಾಲಿನಲ್ಲಿ ಮೀನು ಹಿಡಿಯುವವನೊಬ್ಬ ಹಾಗೆಯೇ ನಡುಗುತ್ತ ಬಂದ. ಅವನಿಗೂ ಗುಳಿಗೆ ಕೊಟ್ಟರು. ಅವನಿಗೆ ಬಂದದ್ದು ಚಳಿಜ್ವರವಲ್ಲ, ಮೆದುಳಿನ ಪೊರೆಗೆ ಏರಿದ ಜ್ವರ. ಗೊತ್ತಾಗುವ ಹೊತ್ತಿಗೆ ಮಾಡುವುದಕ್ಕೇನೂ ಉಳಿದಿರಲಿಲ್ಲ.

"ಅವನು ಹೊಸ್ತಿಲು ದಾಟೋಕೆ ಮುಂಚೆನೇ ನನ್ನ ತಲೆ ಗುಳಿಗೆ ಕೊಟ್ಟಾಗಿತ್ತು. ಕತ್ತು ಬಗ್ಗುತ್ತಾ ಅಂತ ಒಂದ್ಸಲ ಹಿಡಿದು ನೋಡಿದ್ರೆ ಸಾಕಿತ್ತು. ನಾನು ಅವನನ್ನ ನೋಡ್ಲೇ ಇಲ್ಲ ಮೇಷ್ಟ್ರೇ. ಅವನಿಗಿಂತ ಮುಂಚೆ ಬಂದೋರನ್ನ ನೋಡ್ದೆ."

ಆಮೇಲೆ ನಾವಿಬ್ಬರೂ ವಾಪಸು ನಡೆದೆವು. ಮನೆಯ ಹತ್ತಿರ ಬಂದಾಗ ಅವರು ನಿಂತು, ಜಗಲಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕೂತಿದ್ದ ಅವ್ವನ ಕಡೆ ನೋಡಿ ಕೆಳದನಿಯಲ್ಲಿ ಅಂದರು: "ಅಪರೂಪಕ್ಕೆ ಬರೋ ರೋಗಿ ಕಂಡ್ರೆ ನನಗೆ ಭಯ ಇಲ್ಲ. ಇಂಥೋರು ಕಂಡ್ರೆ ಭಯ. ದಿನಾ ಹುಷಾರಿಲ್ಲ ಅಂತಾರೆ. ಒಂದಿನ ಅದು ನಿಜ ಆಗ್ತದೆ. ಅವತ್ತು ನೀವೂ ಎಚ್ಚರ ಇರಲ್ಲ, ನಾನೂ ಇರಲ್ಲ."

ನಾನು ಈ ಮಾತನ್ನೂ ಅನುಮಾನಿಸಿದೆ. ಅವ್ವ ಒಳ್ಳೆಯ ಗಿರಾಕಿ. ಗಿರಾಕಿಯನ್ನು ಕಳೆದುಕೊಳ್ಳಲು ಯಾವ ಅಂಗಡಿಯವನಿಗೆ ಇಷ್ಟ? ಆದರೆ ಆ ರಾತ್ರಿ ಅವ್ವ ಎದೆಉರಿ ಅಂದಾಗ ನಾನು ಮುಖವೆತ್ತಿ ನೋಡಿದೆ. ಎದೆಉರಿಯೇ ಆಗಿತ್ತು.

ಅವ್ವನಿಗೂ ಡಾಕ್ಟರಿಗೂ ನಡುವೆ ಬೇರೊಂದು ಕಟ್ಟಳೆ ಬೆಳೆದಿತ್ತು. ಪ್ರತಿ ಸಂತೆಯ ದಿನ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ನೆಂಟರ ಮನೆಗೆ ಹೊರಟವಳಂತೆ ರಸ್ತೆ ದಾಟುತ್ತಿದ್ದಳು. ಡಾಕ್ಟರು ಪೂರ್ತಿ ಕೇಳಿ, ಹೊರಗೆ ಹೋಗಿ ಮತ್ತೆ ಬರಲು ಹೇಳುತ್ತಿದ್ದರು. ಆಗ ಶುರುವಾಗುತ್ತಿತ್ತು ಬೈಗುಳ. "ಮುದುಕಿ ಮಂಡಿ ನೋವು ಅಂತ ಬಂದ್ರೆ ಮರ ಸುತ್ತಿಸ್ತೀಯಲ್ಲೋ ಡಾಕ್ಟ್ರಪ್ಪ, ನಾನೇನು ನಿನ್ ಗಾಣದೆತ್ತಾ? ಔಷಧಿ ಬಾಟ್ಲಿಗೂ ಎಲ್ಡು ಬಿರಡೆ ಹಾಕಿಸು, ಮೇಲೊಂದು ಕೆಳಗೊಂದು." ಬೈಯುತ್ತಲೇ ರಸ್ತೆಗಿಳಿದು, ಬೈಯುತ್ತಲೇ ಬೇವು ಸುತ್ತಿ, ಬೈಗುಳದ ಕೊನೆಯ ಮಾತಿಗೆ ಸರಿಯಾಗಿ ಓಣಿಯ ಹೊಸ್ತಿಲು ದಾಟುತ್ತಿದ್ದಳು. ಸಾಹೇಬರು ಸೋಡಾ ಬಾಟಲಿಯ ಗೋಲಿ ಒತ್ತುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಡಾಕ್ಟರು ಒಳಗೆ ಕೂತು, ಸಂಗೀತ ಕೇಳುವವರ ಹಾಗೆ ತೊಡೆಯ ಮೇಲೆ ಬೆರಳಾಡಿಸುತ್ತಿದ್ದರು. ಕೆಂಪು ನೀರಿನ ಬಾಟಲಿ ಹಿಡಿದು ಮನೆಗೆ ಬಂದ ಅವ್ವನಿಗೆ ಔಷಧಿ ಕುಡಿಯುವ ಮೊದಲೇ ಗುಣವಾಗಿರುತ್ತಿತ್ತು.

ಇಷ್ಟೆಲ್ಲ ಎಚ್ಚರವಿದ್ದ ಡಾಕ್ಟರು ಒಂದು ವಿಷಯ ಮರೆತಿದ್ದರು. ತಲೆ ಅವರೊಬ್ಬರಿಗೇ ಇರಲಿಲ್ಲ; ಊರಿಗೂ ಇತ್ತು. ಈ ಡಾಕ್ಟರು ಮೊದಲ ಮಾತನ್ನು ನಂಬುವುದಿಲ್ಲ, ಎರಡನೇ ಬಾಗಿಲಲ್ಲಿ ಹೇಳಿದ್ದನ್ನೇ ನಂಬುತ್ತಾರೆ ಎಂದು ಊರು ನಿಧಾನಕ್ಕೆ ಕಲಿತುಕೊಂಡಿತು. ಕಲಿತದ್ದನ್ನು ಸಾಹೇಬರು ಹೊಸಬರಿಗೆ ಸೋಡಾದ ಜೊತೆ ಉಚಿತವಾಗಿ ಹಂಚುತ್ತಿದ್ದರು. ದೊಡ್ಡ ಕಾಯಿಲೆಯನ್ನು ಮೊದಲೇ ಖರ್ಚು ಮಾಡಬೇಡಿ, ಮೊದಲ ಬಾಗಿಲಿಗೆ ಏನಾದರೂ ಚಿಕ್ಕದು ಹೇಳಿ ಎಂಬುದು ಅವರ ಉಪದೇಶ.

ಒಂದು ಮಧ್ಯಾಹ್ನ ಕಂಬಳಿ ಹೊದ್ದ ಕುರಿಗಾಹಿ ಮುದುಕನೊಬ್ಬ ಬಂದ. ಬಲಗೈಯನ್ನು ಕಂಬಳಿಯೊಳಗೆ ಬಚ್ಚಿಟ್ಟು, ಹಲ್ಲು ಕಚ್ಚಿ, ಬೆವರಿಳಿಸುತ್ತ ನಿಂತು "ನೆಗಡಿ ಸ್ವಾಮಿ" ಅಂದ. ಡಾಕ್ಟರು ಮೂಗು ನೋಡಿ, ಗಂಟಲು ನೋಡಿ, ಹೊರಗೆ ಕಳಿಸಿದರು. ಮುದುಕ ಬೇವಿನ ಮರವನ್ನು ಓಡುತ್ತ ಸುತ್ತಿ, ಓಣಿಯ ಬಾಗಿಲಲ್ಲಿ ನುಗ್ಗಿ, ಕಂಬಳಿ ಒಗೆದು ಊದಿದ ಕೈ ಚಾಚಿ ಕೂಗಿದ: "ಚೇಳು ಸ್ವಾಮಿ, ಚೇಳು!"

ಡಾಕ್ಟರು ಮೊದಲು ಸೂಜಿ ಚುಚ್ಚಿದರು. ಆಮೇಲೆ, ಮೊದಲೇ ಯಾಕೆ ಹೇಳಲಿಲ್ಲವೆಂದು ಕೇಳಿದರು.

"ಅದು ನೆಗಡಿ ಬಾಗ್ಲಲ್ವ್ರಾ ಸ್ವಾಮಿ" ಅಂದ ಮುದುಕ.

ಆ ಸಂಜೆ ಡಾಕ್ಟರು ಸೀದಾ ಸೇತುವೆಗೆ ನಡೆದರು. ಸೇತುವೆಯ ಮೇಲೆ ನಿಂತು, ತಾವು ಈ ಜನರನ್ನು ಕಲಿಯುತ್ತಿದ್ದೇವೆ ಎಂದುಕೊಂಡಿದ್ದೆವು, ಅಷ್ಟೂ ಕಾಲ ಅವರು ತಮ್ಮನ್ನು ಕಲಿಯುತ್ತಿದ್ದರು ಎಂದರು. ಮರುದಿನದಿಂದ ಕಾನೂನು ತಿದ್ದುಪಡಿಯಾಯಿತು. ಕೆಲವು ದಿನ ಓಣಿಯ ಬಾಗಿಲು ಮೊದಲು, ರಸ್ತೆಯದು ಆಮೇಲೆ; ಯಾವ ದಿನ ಯಾವುದು ಎಂಬುದು ಅವರಿಗೂ ಬಾಗಿಲು ತೆಗೆಯುವವರೆಗೆ ಗೊತ್ತಿರುತ್ತಿರಲಿಲ್ಲ. ಊರು ಕಂಗಾಲಾಯಿತು. ಯಾವ ಬಾಗಿಲಿಗೆ ಯಾವ ಕಾಯಿಲೆ ಎಂದು ತಿಳಿಯದೆ, ಬೇರೆ ದಾರಿ ಕಾಣದೆ, ಜನ ಎರಡು ಬಾಗಿಲಲ್ಲೂ ನಿಜ ಹೇಳತೊಡಗಿದರು.

ಅಷ್ಟರಲ್ಲಿ ತುರ್ತುಪರಿಸ್ಥಿತಿ ಬಂತು. ಅನುಮಾನ ಎಂಬುದು ಡಾಕ್ಟರೊಬ್ಬರ ಸ್ವತ್ತಾಗಿ ಉಳಿಯದೆ ದೇಶಕ್ಕೆಲ್ಲ ಹಂಚಿಕೆಯಾದ ಕಾಲ ಅದು. ಬಸ್‌ಸ್ಟ್ಯಾಂಡಿನಲ್ಲಿ ಜನ ಅಕ್ಕಪಕ್ಕ ನೋಡಿ ಮಾತಾಡುತ್ತಿದ್ದರು. ಗಂಡಸರನ್ನು ಹಿಡಿದುಕೊಂಡು ಹೋಗಿ ಆಪರೇಷನ್ ಮಾಡುತ್ತಾರಂತೆ ಎಂಬ ಸುದ್ದಿ ಲಾರಿಗಳ ಜೊತೆ ಹೆದ್ದಾರಿಯಲ್ಲಿ ಬಂದು ಹಿರಿಯೂರಿನಲ್ಲಿ ಇಳಿಯಿತು. ಇಳಿದದ್ದೇ ಸೀದಾ ನಮ್ಮ ಡಾಕ್ಟರ ಶಾಪಿಗೆ ಬಂತು. ಒಂದು ಬಾಗಿಲಲ್ಲಿ ಹೊರಗೆ ಕಳಿಸಿ ಇನ್ನೊಂದರಲ್ಲಿ ಒಳಗೆ ಕರೆಯುವುದು ಯಾಕೆ ಎಂಬ ಪ್ರಶ್ನೆಗೆ ಊರಿಗೆ ಕೊನೆಗೂ ಉತ್ತರ ಸಿಕ್ಕಿತ್ತು! ಗಂಡಸರು ರಸ್ತೆಯ ಆ ಬದಿಯಲ್ಲಿ, ಅಂದರೆ ನಮ್ಮ ಜಗಲಿಗೆ ಉಜ್ಜಿಕೊಂಡು ಓಡಾಡತೊಡಗಿದರು. ಜ್ವರ ಬಂದವರು ಹೊಸದುರ್ಗದ ಬಸ್ಸು ಹತ್ತಿದರು.

ಒಂದು ಬಾಗಿಲು ಮುಚ್ಚಿಬಿಡಿ, ಕೆಲವು ತಿಂಗಳ ಮಟ್ಟಿಗೆ, ಎಂದು ನಾನು ಹೇಳಿ ನೋಡಿದೆ. ಅವರು ಕೇಳಲಿಲ್ಲ. ಖಾಲಿ ಬೆಂಚನ್ನು ನೋಡುತ್ತ, ಜನರ ತಪ್ಪಿಲ್ಲ, ಕಂಡದ್ದನ್ನೂ ಕೇಳಿದ್ದನ್ನೂ ಜೋಡಿಸಿಕೊಂಡಿದ್ದಾರೆ, ತಾವೂ ಮಾರಿಕಣಿವೆಯಲ್ಲಿ ಮಾಡಿದ್ದು ಅದನ್ನೇ ಎಂದರು. ಡಾಕ್ಟರ ಮಾನ ಉಳಿಸಲು ಹೊರಟವಳು ಅವ್ವ. ಸಂತೆಯ ದಿನ ಬೇವಿನ ಕಲ್ಲಿನ ಪಕ್ಕ ನಿಂತು, ಓಡಾಡುವ ಗಂಡಸರಿಗೆಲ್ಲ ಕೇಳುವ ಹಾಗೆ, "ನಾನು ಎಷ್ಟು ವರ್ಷದಿಂದ ಸುತ್ತು ಹಾಕ್ತಾ ಇದೀನಿ, ನನಗೇನಾಗೈತೆ?" ಎಂದು ಸವಾಲೆಸೆದಳು.

"ನಿಮಗೇನಾಗ್ತದವ್ವ" ಅಂದರು ಸಾಹೇಬರು, ಗೋಲಿ ಒತ್ತುತ್ತ.

ಆ ಗಾಳಿಸುದ್ದಿ ತಣ್ಣಗಾಗಿ, ಬೆಂಚು ಮತ್ತೆ ತುಂಬಿದ ಮೇಲಿನ ಮಾತು. ಸಂತೆಯ ದಿನ. ಬೆಳಗಿನಿಂದ ಅವ್ವ ಸುಸ್ತು ಅನ್ನುತ್ತಿದ್ದಳು. ಎಡಭುಜ ಕೊಡ ಹೊತ್ತ ಹಾಗೆ ಭಾರ ಅಂದಳು. ನಾನು ಪೇಪರಿನಿಂದ ಕಣ್ಣೆತ್ತದೆ ವಾಯು ಅಂದೆ, ಓಂಕಾಳಿನ ಕಷಾಯ ಕುಡಿಸಿದೆ. ಮಧ್ಯಾಹ್ನ ಶಾಪಿಗೆ ಹೊರಟಾಗ ಆಕೆ ತಲೆಗೆ ಎಣ್ಣೆ ಹಚ್ಚಿರಲಿಲ್ಲ. ಅದನ್ನೂ ನಾನು ಕಂಡೆ. ಕಂಡು, ಎಣ್ಣೆ ಮುಗಿದಿರಬೇಕು ಎಂದುಕೊಂಡೆ. ಶಾಲೆಗೆ ರಜೆಯಿದ್ದದ್ದರಿಂದ ಜೊತೆಗೆ ಹೋಗಿ ಬೆಂಚಿನ ತುದಿಯಲ್ಲಿ ಕೂತೆ.

ಡಾಕ್ಟರು ನೋಡಿದರು, ಕೇಳಿದರು. ವಾಯು ಅನ್ನುವ ಹಾಗೆ ತಲೆಯಾಡಿಸಿದರು. ಕೈ ಆಗಲೇ ಕೆಂಪು ನೀರಿನ ಸೀಸೆಯ ಕಡೆ ಹೊರಟಿತ್ತು. "ಸರಿ ತಾಯಿ, ಹೊರಗೆ ಹೋಗಿ ಮತ್ತೆ ಬರ್ರಿ" ಅಂದರು. ಅವ್ವ ಎದ್ದಳು. ಬಾಗಿಲ ಚೌಕಟ್ಟು ಹಿಡಿದು, ರಸ್ತೆಗಿಳಿದು, ಓಣಿಯ ಕಡೆ ತಿರುಗಿದಳು.

ಒಳಗೆ ಡಾಕ್ಟರ ಬೆರಳು ತೊಡೆಯ ಮೇಲೆ ತಾಳ ಹಾಕಲು ಎದ್ದದ್ದು ಹಾಗೆಯೇ ನಿಂತಿತು. ಹೊರಗೆ ಸೋಡಾ ಗೋಲಿಯ ಸದ್ದೂ ನಿಂತಿತ್ತು. ಏನೋ ಬರಬೇಕಾದದ್ದು ಬರಲಿಲ್ಲ ಎಂದು ನನಗೂ ಅನಿಸಿತು. ಏನು ಎಂದು ಹೊಳೆಯಲಿಲ್ಲ.

"ಮೇಷ್ಟ್ರೇ, ನಿಮ್ಮವ್ವ ಇವತ್ತು ಬೈಲಿಲ್ಲ" ಅಂದರು.

ಸೀಸೆಯನ್ನು ಮೇಜಿನ ಮೇಲೆ ಇಟ್ಟವರೇ ಎದ್ದರು. ಆ ಶಾಪಿನಲ್ಲಿ ರೋಗಿ ಸುತ್ತು ಹಾಕುವುದೇ ಹೊರತು ಡಾಕ್ಟರು ಸುತ್ತಿದ್ದನ್ನು ಯಾರೂ ಕಂಡಿರಲಿಲ್ಲ. ಅವತ್ತು ಅವರು ಅವ್ವನಿಗಾಗಿ ಕಾಯಲಿಲ್ಲ. ಓಣಿಯ ಬಾಗಿಲಿನಿಂದ ಧೋತ್ರ ಎತ್ತಿ ಹಾರಿದರು. ನಾನು ಹಿಂದೆ ಓಡಿದೆ. ಅವ್ವ ಬೇವಿನ ಬುಡದ ಕಲ್ಲಿನ ಮೇಲೆ ಕೂತಿದ್ದಳು. ಹಣೆಯ ಮೇಲೆ ತಣ್ಣನೆಯ ಬೆವರು, ತುಟಿ ಬೂದಿಬಣ್ಣ. ಡಾಕ್ಟರು ನಾಡಿ ಹಿಡಿದರು. ಹುಬ್ಬು ಇನ್ನೂ ಮೇಲೇರಲು ಜಾಗವಿದೆ ಎಂಬುದು ನನಗೆ ಆಗ ತಿಳಿಯಿತು. ಹೃದಯ ಎಂದಷ್ಟೇ ಹೇಳಿದರು.

ಒಂದು ಹೆಜ್ಜೆಯನ್ನೂ ಆಕೆ ಇಡಬಾರದು ಎಂದು ಕಟ್ಟಪ್ಪಣೆಯಾಯಿತು. ಅಲ್ಲೇ ಸೂಜಿ ಚುಚ್ಚಿದರು. ಸಾಹೇಬರು ತೆಂಗಿನಕಾಯಿ ಮಂಡಿಯವರ ಅಂಬಾಸಿಡರ್ ಕಾರನ್ನು ಡ್ರೈವರನ ಸಮೇತ ಎಳೆದುಕೊಂಡು ಬಂದರು. ಬೆಂಚಿನ ಮೇಲೆ ಮಲಗಿಸಿ, ಎತ್ತಿ, ಹಿಂದಿನ ಸೀಟಿಗೆ ದಾಟಿಸಿದೆವು. ದುರ್ಗದ ಆಸ್ಪತ್ರೆಯವರೆಗೆ ಡಾಕ್ಟರು ಕಾರಿನ ನೆಲದಲ್ಲಿ ಮಂಡಿಯೂರಿ, ಆಕೆಯ ಮಣಿಕಟ್ಟು ಬಿಡದೆ ಕೂತಿದ್ದರು. ನಾನು ಮುಂದಿನ ಸೀಟಿನಲ್ಲಿ ತಿರುಗಿ ಕೂತು, ಅವ್ವನ ಮುಖ ನೋಡುತ್ತಿದ್ದೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆಕೆಯ ಗದ್ದದ ಮೇಲೊಂದು ಹಳೆಯ ಗಾಯದ ಗುರುತಿದೆ ಎಂದು ನಾನು ನೋಡಿದ್ದು ಅವತ್ತು.

ಐಮಂಗಲ ದಾಟಿದ ಮೇಲೆ ಅವ್ವ ಕಣ್ಣು ಬಿಟ್ಟಳು. ಕಾರಿನ ಎಡಬಲ ನೋಡಿದಳು. ಆಮೇಲೆ ಡಾಕ್ಟರನ್ನು ನೋಡಿದಳು.

"ಈ ಕಾರಿಗೆ ನಾಕು ಬಾಗ್ಲು ಅವಲ್ಲೋ ಡಾಕ್ಟ್ರಪ್ಪ" ಅಂದಳು, ಉಸಿರು ಹುಡುಕಿ ಹುಡುಕಿ. "ನಾಕ್ರಾಗೂ ಇಳಿದು ಹತ್ಬೇಕಾ?"

ಡಾಕ್ಟರು ಮಣಿಕಟ್ಟು ಬಿಟ್ಟು ಕಣ್ಣೊರೆಸಿಕೊಂಡರು. "ಬೈದ್ಲು" ಅಂದರು ನನಗೆ. "ಬದುಕ್ಕಂತಾಳೆ."

ಅದೂ ಊಹೆಯೇ, ನಂಬುವ ಹಾಗಿಲ್ಲ ಎಂದುಕೊಂಡು ನಾನು ಆಸ್ಪತ್ರೆಯ ಅಂಗಳದಲ್ಲಿ ಕಾದೆ. ಆ ಊಹೆ ಸರಿಹೋಯಿತು. ಬಹಳ ದಿನ ಮಲಗಿದ್ದು ಅವ್ವ ಹಿರಿಯೂರಿಗೆ ವಾಪಸಾದಳು. ಇನ್ನು ಮುಂದೆ ಆಕೆಯನ್ನು ಸುತ್ತಿಸುವುದಿಲ್ಲ, ತಾವೇ ಗೋಡೆಗೆ ತಿರುಗಿ ಕೂರುತ್ತೇವೆ ಎಂದು ಡಾಕ್ಟರು ಘೋಷಿಸಿದರು. ಅವ್ವ ಒಪ್ಪಲಿಲ್ಲ. ಸುತ್ತು ಹಾಕದಿದ್ದರೆ ಬೈಯಲು ಹೊತ್ತು ಸಾಲದೆಂಬುದು ಆಕೆಯ ತಕರಾರು. ಕೊನೆಗೆ ಬೇವಿನ ಕಲ್ಲಿನ ಮೇಲೆ ಕೂತು ದಣಿವಾರಿಸಿಕೊಂಡು ಬರಬಹುದೆಂದು ರಾಜಿಯಾಯಿತು. ಆಮೇಲಿನ ವರ್ಷಗಳಲ್ಲಿ ನಾನು ಸಂತೆಯ ದಿನ ಎಲ್ಲಿದ್ದರೂ ಒಂದು ಕಿವಿಯನ್ನು ಓಣಿಯ ಕಡೆ ಇಟ್ಟಿರುತ್ತಿದ್ದೆ. ಬೈಗುಳ ಕೇಳಿದರೆ ಊಟ ರುಚಿಸುತ್ತಿತ್ತು.

ಡಾಕ್ಟರು ಹೋದದ್ದು ಆ ದಶಕ ಮುಗಿಯುವ ಹೊತ್ತಿಗೆ. ಹೋದ ರೀತಿಯನ್ನು ನೆನೆದರೆ ನನಗೆ ಈಗಲೂ ಅನುಮಾನ, ಅವರೇ ಏರ್ಪಾಡು ಮಾಡಿಕೊಂಡರೋ ಎಂದು. ಮಧ್ಯಾಹ್ನ ಅದೇ ಕುರಿಗಾಹಿ ಮುದುಕ ಬಂದಿದ್ದ. ಈ ಸಲ ಕಾಲು ಉಳುಕಿತ್ತು, ಮೊಮ್ಮಗ ಹೊತ್ತು ತಂದು ಕೂರಿಸಿ ಕುರಿ ನೋಡಿಕೊಳ್ಳಲು ಹೋಗಿದ್ದ. ನಡೆಯಲಾಗದವನಲ್ಲವೇ, ಡಾಕ್ಟರು ಕಾಲು ಮುಟ್ಟಿ ನೋಡಿ, ತಮ್ಮ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಮುದುಕನಿಗೆ ಈ ಪದ್ಧತಿ ಚೆನ್ನಾಗಿ ಗೊತ್ತಿತ್ತು. ಅವನು ಕಾದ. ತಿರುಗುತ್ತಾರೆ ಎಂದು ಕಾದ. ಗೋಡೆಯ ಗಡಿಯಾರ ನೋಡಿದ, ಇನ್ನೂ ಹೊತ್ತಿದೆ ಅನಿಸಿತಂತೆ. ಸೋಡಾ ತಂದ ಸಾಹೇಬರೂ, ಡಾಕ್ಟರು ಗೋಡೆಗೆ ಮುಖ ಮಾಡಿದ್ದನ್ನು ನೋಡಿ, ಸದ್ದು ಮಾಡದೆ ಬಾಟಲಿ ಇಟ್ಟು ಹೊರಟುಹೋದರು. ಬೆಂಚಿನ ಮೇಲಿದ್ದವರೂ ಕೆಮ್ಮು ತಡೆದುಕೊಂಡು ಕೂತಿದ್ದರು. ಬಿಸಿಲು ಓಣಿಯ ಬಾಗಿಲಿಗೆ ಇಳಿದ ಮೇಲೆ, ಸಾಹೇಬರು ಖಾಲಿ ಬಾಟಲಿಗೆಂದು ಬಂದವರು, ತುಂಬಿದ ಬಾಟಲಿ ಅಲ್ಲೇ ಇರುವುದನ್ನು ಕಂಡು ಡಾಕ್ಟರ ಹೆಗಲು ಮುಟ್ಟಿದರು.

ಸುದ್ದಿ ಕೇಳಿ ನಾನು ಶಾಲೆಯಿಂದ ಓಡಿಬಂದೆ. ಅವರನ್ನು ಶಾಪಿನ ನಡುವೆ ಚಾಪೆಯ ಮೇಲೆ ಮಲಗಿಸಿದ್ದರು. ರಸ್ತೆಯ ಬಾಗಿಲಿನಿಂದ ಹೋಗಿ ನೋಡಿದೆ. ಮುಖದಲ್ಲಿ ಏನೋ ಬದಲಾಗಿತ್ತು. ಎರಡೂ ಹುಬ್ಬು ಸಮನಾಗಿದ್ದವು. ಮೊಟ್ಟಮೊದಲ ಸಲ ಅವರು ಏನನ್ನೋ ನಂಬಿದಂತಿತ್ತು. ನಾನು ಹೊರಗೆ ಬಂದೆ, ಬೇವಿನ ಮರ ಸುತ್ತಿದೆ, ಓಣಿಯ ಬಾಗಿಲಿನಿಂದ ಒಳಗೆ ಹೋಗಿ ಮತ್ತೆ ನೋಡಿದೆ. ಮೊದಲು ಕಂಡದ್ದೇ ಸರಿಯಾಗಿತ್ತು. ನನ್ನ ಹಿಂದೆಯೇ ಸಾಹೇಬರು ಸುತ್ತಿ ಬರುತ್ತಿದ್ದರು. ಅವರ ಹಿಂದೆ ಇನ್ನಷ್ಟು ಜನ. ಯಾರೂ ಯಾರಿಗೂ ಹೇಳಿರಲಿಲ್ಲ.

ಕೊನೆಗೆ ಅವ್ವ ಬಂದಳು. ಕಲ್ಲಿನ ಮೇಲೆ ದಣಿವಾರಿಸಿಕೊಳ್ಳದೆ ಬಂದಳು. ಡಾಕ್ಟರ ತಲೆಯ ಹತ್ತಿರ ಕೂತು, ಅವರ ಹೆಂಡತಿಯ ಕೈ ಹಿಡಿದುಕೊಂಡು, ಸುಮಾರು ಹೊತ್ತು ಸುಮ್ಮನಿದ್ದಳು. ಆ ಸುಮ್ಮನಿರುವಿಕೆ ನನಗೆ ಹೆದರಿಕೆ ಹುಟ್ಟಿಸಿತು. ನಾನು ಆಕೆಯ ಹಣೆ ನೋಡಿದೆ, ಬೆವರಿದೆಯೇ ಎಂದು. ಆಮೇಲೆ ಆಕೆ ಬಾಯಿ ತೆರೆದಳು.

"ಹೊರಗೆ ಹೋಗಿ ಮತ್ತೆ ಬರ್ರಿ, ಹೊರಗೆ ಹೋಗಿ ಮತ್ತೆ ಬರ್ರಿ ಅಂತ ಊರನ್ನೆಲ್ಲ ಕುಣಿಸ್ದೆ. ಎಲ್ರೂ ಬಂದ್ವಲ್ಲಪ್ಪ, ಒಬ್ರಾದ್ರೂ ತಪ್ಪಿಸ್ಕಂಡ್ವಾ? ಈಗ ನೀನು ಹೋಗಿದೀಯ. ನಿನ್ನ ಕಾನೂನು ನಿನಗಿಲ್ಲೇನು? ಬಾ ಮತ್ತೆ. ಆ ಬಾಗ್ಲಾಗೆ ಬಾ."

ಅಷ್ಟು ಹೇಳಿ ಓಣಿಯ ಕಡೆ ಕೈ ತೋರಿಸಿದಳು. ಅಲ್ಲಿದ್ದ ನಾವೆಲ್ಲರೂ, ಸಾಹೇಬರು, ಉಳುಕಿದ ಕಾಲಿನ ಮುದುಕ, ಚರಿತ್ರೆಯ ಮೇಷ್ಟ್ರಾದ ನಾನು, ಒಟ್ಟಿಗೇ ತಿರುಗಿ ಆ ಬಾಗಿಲ ಕಡೆ ನೋಡಿದೆವು.